ಅಜ್ಜಿಯ ಮಣಿ, ಬರ್ಮಾದಿಂದ ಬಂದ ಧ್ಯಾನ

ಶ್ರಾವಣ ಶನಿವಾರ ಹಣೆಗೆ ನಾಮ ಹಾಕಿಕೊಂಡು, ಚೊಂಬು ಹಿಡಿದು, ‘ವೆಂಕಟರಮಣ ಗೋವಿಂದ’ ಅಂತ ಕೂಗಿ ಪಡಿ ಎತ್ತುವ ಮನೆ ನಮ್ಮದು. ಉಸಿರನ್ನೂ ಮೈಯಲ್ಲಾಗುವುದನ್ನೂ ಇದ್ದ ಹಾಗೆ ಗಮನಿಸುವ ವಿಪಶ್ಯನ ಧ್ಯಾನದ ಹತ್ತು ದಿನದ ಶಿಬಿರಕ್ಕೆ ಹೊರಟಾಗ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: ‘ಮನೆದೇವ್ರು ಸಾಕಾಗಲಿಲ್ವೇನೋ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಶಿಬಿರದಲ್ಲಿ ಮೊಬೈಲ್ ಜೊತೆ ಅಜ್ಜಿಯ ತುಳಸಿ ಮಣಿಯನ್ನೂ ಒಪ್ಪಿಸಬೇಕಾಯಿತು. ಅಲ್ಲಿರುವಷ್ಟು ದಿನ ಪೂಜೆ, ಜಪ, ಉಪವಾಸ ಏನೂ ಇಲ್ಲ. ಮೊಬೈಲನ್ನು ಸಲೀಸಾಗಿ ಕೊಟ್ಟೆ. ಮಣಿ ಕೊಡುವಾಗ ಕೈ ಹಿಂದೆ ಬಂತು.

ಬೆಳಗಿನ ಜಾವ 4ಕ್ಕೆ ಗಂಟೆ. ಶಿಬಿರಕ್ಕೆ ಬಂದವರು ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಸಂಜೆ 5ಕ್ಕೆ ಟೀ, ಮಂಡಕ್ಕಿ, ಒಂದು ಬಾಳೆಹಣ್ಣು. ಆಮೇಲೆ ಊಟವಿಲ್ಲ. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನಲ್ಲಿ ಉಸಿರು ಬಂದು ಹೋಗುವುದನ್ನು ಸುಮ್ನೆ ಗಮನಿಸುವುದು. ನನಗೆ ಆ ‘ಸುಮ್ನೆ’ಯೇ ಕಷ್ಟ. ಉಸಿರು ಒಳಗೆ ಬಂದರೆ ‘ಗೋವಿಂದ’, ಹೊರಗೆ ಹೋದರೂ ‘ಗೋವಿಂದ’. ಚಿಕ್ಕಂದಿನ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ? ಮಧ್ಯಾಹ್ನ ಧ್ಯಾನ ಕಲಿಸುವ ಆಚಾರ್ಯರನ್ನು ಕೇಳಿದೆ. ಹೆಸರು ಸೇರಿಸಿದರೆ ಮನಸ್ಸು ಬೇಗ ನಿಲ್ಲುತ್ತದೆ, ನಿಜ ಅಂದರು. ಆದರೆ ಇಲ್ಲಿ ಬರೀ ನಿಲ್ಲಿಸುವುದಲ್ಲ, ಇರುವುದನ್ನು ಇದ್ದ ಹಾಗೆ ನೋಡುವುದು ಕೆಲಸ. ಮೂರನೇ ದಿನ ಸಂಜೆ, ಮೂಗಿನ ಕೆಳಗೆ ಬಲಗಡೆ ಸಣ್ಣಗೆ ಬಿಸಿ ತಾಗಿದ್ದು ಗೊತ್ತಾಯಿತು. ಅದಕ್ಕೆ ಹೆಸರಿರಲಿಲ್ಲ.

ನನಗೆ ಧೈರ್ಯ ಕೊಟ್ಟಿದ್ದು ಈ ಶಿಬಿರಗಳನ್ನು ಭಾರತದಲ್ಲಿ ಶುರು ಮಾಡಿದ ಎಸ್.ಎನ್. ಗೋಯೆಂಕಾ ಅವರ ಕಥೆ. 1924ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ಮಾರ್ವಾಡಿ ವ್ಯಾಪಾರಿ, ಕಟ್ಟಾ ಸನಾತನಿ ಮನೆಯವರು. ಮೈಗ್ರೇನ್ ತಡೆಯಲಾರದೆ 1955ರಲ್ಲಿ ವಿಪಶ್ಯನ ಕಲಿಸುತ್ತಿದ್ದ ಸಯಾಜಿ ಊ ಬಾ ಖಿನ್ ಅವರ ಹತ್ತಿರ ಹೋದರು. ಗುರು ಅಂದರೆ ಕಾಡಿನ ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು! ಬೌದ್ಧರ ದಾರಿ ಅಂತ ಗೋಯೆಂಕಾ ಅವರೂ ಮೊದಲು ಹಿಂಜರಿದಿದ್ದರು. ಹದಿನಾಲ್ಕು ವರ್ಷ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. ಆ ಹದಿನಾಲ್ಕು ವರ್ಷವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಯಾಕಂದ್ರೆ ಮನೆಗೆ ಬಂದ ತಿಂಗಳಲ್ಲೇ ನಾನೇ ಗುರುವಾಗಿಬಿಟ್ಟೆ. ಆಫೀಸಿನ ಗೆಳೆಯನನ್ನು ಕೂರಿಸಿ, ಆನಾಪಾನ ಬಿಟ್ಟು ನೇರ ಮೈಯೆಲ್ಲ ಗಮನಿಸು ಅಂದೆ. ಹಿನ್ನೆಲೆಗೆ ಕೊಳಲು ಬೇರೆ. ಇಪ್ಪತ್ತು ನಿಮಿಷಕ್ಕೆ ಅವನು ಬೆವತು, ಎದೆ ಹಿಡಿದುಕೊಂಡು ಎದ್ದ. ನೀರು ಕುಡಿಸಿ ಮನೆಗೆ ಬಿಟ್ಟು ಬಂದೆ. ಅನುಮತಿ ಇಲ್ಲದೆ ಕಲಿಸಬೇಡಿ ಅಂತ ಯಾಕೆ ಹೇಳುತ್ತಾರೆ ಅಂತ ಅವತ್ತು ತಿಳಿಯಿತು. ಈಗ ಯಾರಾದರೂ ಕೇಳಿದರೆ ಶಿಬಿರಕ್ಕೇ ಹೋಗಿ ಅನ್ನುತ್ತೇನೆ. ಶುಲ್ಕವಿಲ್ಲ, ಮುಗಿಸಿದವರು ಕೊಟ್ಟ ದಾನದಲ್ಲೇ ನಡೆಯುತ್ತದೆ. ನಾನೂ ವರ್ಷಕ್ಕೊಮ್ಮೆ ಕೈಲಾದಷ್ಟು ಹಾಕುತ್ತೇನೆ.

ಧ್ಯಾನಕ್ಕೆ ಜಪ ಬೆರೆಸುವುದನ್ನೂ ಬಿಟ್ಟೆ. ಬೆಳಿಗ್ಗೆ 5ರಿಂದ 6 ನಡುಮನೆಯಲ್ಲಿ ಧ್ಯಾನಕ್ಕೆ ಕೂರುತ್ತೇನೆ, ಊದುಬತ್ತಿ ಇಲ್ಲ, ಗೋವಿಂದನೂ ಇಲ್ಲ. ಸ್ನಾನ ಆದ ಮೇಲೆ ದೇವರ ಮನೆ, ಅಜ್ಜಿಯ ಮಣಿ. ಅಲ್ಲಿ ಉಸಿರಿನ ಸುದ್ದಿ ಎತ್ತುವುದಿಲ್ಲ.

ಹೋದ ಶ್ರಾವಣದಲ್ಲಿ ಚಿಕ್ಕಮ್ಮ ಬಂದಿದ್ದರು. ಧ್ಯಾನದ ಕೊನೆಗೆ ನಾನು ‘ಭವತು ಸಬ್ಬ ಮಂಗಲಂ’ ಅಂದಿದ್ದು ಕೇಳಿಸಿತಂತೆ. ಅರ್ಥ ಹೇಳಿದೆ.

‘ಎಲ್ಲರಿಗೂ ಒಳ್ಳೇದಾಗಲಿ ಅಂತ ತಾನೇ? ಅದಕ್ಕೆ ಹತ್ತು ದಿನ ರಾತ್ರಿ ಊಟ ಬಿಡಬೇಕಿತ್ತಾ?’ ಅಂದು ನಾಮದ ಬಟ್ಟಲು ನನ್ನ ಕೈಗೆ ಕೊಟ್ಟರು.