ಪೆಲ್ವಿಸ್ ಆಪರೇಷನ್ ಆದ ಮೇಲೆ ಕೀವು ಕಂಡಾಗ

11ನೇ ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಬಟ್ಟೆಯ ಮೇಲೆ ರೂಪಾಯಿ ಅಗಲದ ಹಳದಿ ಕಲೆ ಇತ್ತು. ಅಡಿಕೆ ಮರದಿಂದ ಬಿದ್ದು ಪೆಲ್ವಿಸ್, ಅಂದರೆ ಸೊಂಟದ ಮೂಳೆ, ಮುರಿದುಕೊಂಡಿದ್ದ ಹುಡುಗ. ಮುಂದುಗಡೆ, ಮೂತ್ರಕೋಶದ ಹತ್ತಿರವೇ, ಲೋಹದ ಪ್ಲೇಟ್ ಹಾಕಿದ್ದೆ. ಜ್ವರ ಇರಲಿಲ್ಲ. ಆದರೆ ಇಳಿಯುತ್ತಾ ಬಂದಿದ್ದ ಸಿಆರ್‌ಪಿ (ಮೈಯೊಳಗಿನ ಉರಿಯೂತ ತೋರಿಸುವ ರಕ್ತಪರೀಕ್ಷೆ) ಮತ್ತೆ ಏರಿತ್ತು.

ಇಂಥ ಹೊತ್ತಲ್ಲಿ ಆಂಟಿಬಯೋಟಿಕ್ ಬದಲಿಸಿ ನಾಲ್ಕು ದಿನ ನೋಡೋಣ ಅನ್ನಿಸುತ್ತದೆ. ಮೊದಮೊದಲು ನಾನೂ ಹಾಗೆ ಕಾದಿದ್ದೇನೆ. ಹಾಗೆ ಕಾದ ಒಬ್ಬ ರೋಗಿಯನ್ನು ಮತ್ತೆ ಮೂರು ಸಲ ಥಿಯೇಟರ್‌ಗೆ ಒಯ್ಯಬೇಕಾಯಿತು. ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿಕೊಂಡು ಮೇಲೊಂದು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಆಮೇಲೆ ಔಷಧಿ ಒಂದರಿಂದಲೇ ಅವು ಸಾಯುವುದಿಲ್ಲ. ಈ ಸಲ ಮರುದಿನ ಬೆಳಿಗ್ಗೆಯೇ ಗಾಯ ತೆರೆದೆ.

ಮೇಲಿನ ಕೀವನ್ನು ಹತ್ತಿಯಲ್ಲಿ ಒರೆಸಿ ಲ್ಯಾಬ್‌ಗೆ ಕಳಿಸಿದರೆ ಸಾಲದು. ಚರ್ಮದ ಮೇಲೆ ಸುಮ್ನೆ ಇರುವ ಬ್ಯಾಕ್ಟೀರಿಯಾ ಬೆಳೆದು ದಾರಿ ತಪ್ಪಿಸುತ್ತವೆ. ಪ್ಲೇಟ್ ಸುತ್ತ ಆಳದಿಂದ 5 ಚೂರು ತೆಗೆದೆ. ಪ್ರತಿ ಚೂರಿಗೂ ಬೇರೆ ಚಿಮಟ, ಬೇರೆ ಡಬ್ಬಿ. ಅದಾದ ಮೇಲೆಯೇ ಆಂಟಿಬಯೋಟಿಕ್. ರಕ್ತ ಜಿನುಗುವ ಮಾಂಸ ಸಿಗುವ ತನಕ ಕೊಳೆತದ್ದನ್ನೆಲ್ಲ ಕೆರೆದು, 6 ಲೀಟರ್ ಸಲೈನ್‌ನಲ್ಲಿ ತೊಳೆದೆ. ಸ್ಕ್ರೂಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಬಿಗಿಯಾಗಿದ್ದವು. ಹಾಗಾಗಿ ಪ್ಲೇಟ್ ಮುಟ್ಟಲಿಲ್ಲ. ಮೂಳೆ ಕೂಡುವ ಮೊದಲೇ ತೆಗೆದರೆ ಪೆಲ್ವಿಸ್ ಅಲ್ಲಾಡುತ್ತದೆ, ಅಲ್ಲಾಡುವ ಮೂಳೆಯಲ್ಲಿ ಇನ್ಫೆಕ್ಷನ್ ಹಿಡಿತಕ್ಕೆ ಬರುವುದು ಬಹಳ ಕಷ್ಟ.

ಆ ಚೂರುಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡಿದಾಗ (ಕಲ್ಚರ್) ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಬಂತು. ಆಂಟಿಬಯೋಟಿಕ್ 2 ವಾರ ಇಂಜೆಕ್ಷನ್, ಮುಂದೆ ಮಾತ್ರೆ, ಒಟ್ಟು 12 ವಾರ. ಗಾಯ ಒಣಗಿದ ಮೇಲೆ ರಿಫಾಂಪಿಸಿನ್ ಅನ್ನೋ ಇನ್ನೊಂದು ಆಂಟಿಬಯೋಟಿಕ್ ಸೇರಿಸಿದೆ. ಅದನ್ನು ಒಂಟಿಯಾಗಿ ಕೊಡಲೇಬಾರದು, ಬ್ಯಾಕ್ಟೀರಿಯಾ ಬೇಗ ಅದಕ್ಕೆ ಬಗ್ಗದಂತಾಗುತ್ತವೆ. ಮೂತ್ರ ಕೆಂಪಗಾಗುತ್ತೆ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹೆದರಿ ಮಾತ್ರೆ ಬಿಡುತ್ತಾರೆ.

ಇನ್ನೊಂದು ವಿಷಯ. ಅವನ ರಕ್ತದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಕಡಿಮೆಯಿತ್ತು. ವಿಚಾರಿಸಿದರೆ ಅವನ ತಾಯಿ ನಂಜು ಅಂತ ಮೊಟ್ಟೆ, ಬೇಳೆ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುತ್ತಿದ್ದರು. ಮಗನ ಮೇಲಿನ ಕಾಳಜಿಯೇ ಅಲ್ವಾ ಅದು? ಪಕ್ಕದಲ್ಲಿ ಕೂತು, "ಅಮ್ಮಾ, ಗಾಯ ಕೂಡೋಕೆ ಇವೇ ಬೇಕು" ಅಂದೆ. "ಬದನೆಕಾಯಿ ಬೇಡ ತಾನೇ ಡಾಕ್ಟ್ರೇ?" ಅಂದರು. ಬೇಡ ಬಿಡಿ ಅಂದೆ. ಸಂಜೆ ಸ್ಟೀಲ್ ಡಬ್ಬಿಯಲ್ಲಿ ಬೇಯಿಸಿದ 2 ಮೊಟ್ಟೆ ಬಂತು.

ಈಗ ಗಾಯ ಒಣಗಿದೆ, ಸಿಆರ್‌ಪಿ ಇಳಿದಿದೆ. ಆದರೂ ತಿಂಗಳಿಗೊಮ್ಮೆ ಕರೆಸಿ ನೋಡುತ್ತಿದ್ದೇನೆ. ಮತ್ತೆ ಕೀವು ಬಂದರೆ, ಅಷ್ಟರಲ್ಲಿ ಮೂಳೆ ಕೂಡಿದ್ದರೆ, ಪ್ಲೇಟ್ ತೆಗೆಯುತ್ತೇನೆ.