ಬಿಟ್ಟಿದ್ದ ಜಪಾನಿ ಭಾಷೆಯನ್ನು ಮತ್ತೆ ಕೈಗೆತ್ತಿಕೊಳ್ಳುವ ಬಗೆ

ಜಪಾನಿ ಕಲಿಕೆಯನ್ನು ಕೆಲವು ವರ್ಷ ಬಿಟ್ಟು ಮರಳಿ ಬಂದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಹಳೆಯ ಪಠ್ಯಪುಸ್ತಕದ ಧೂಳು ಕೊಡವಿ ಒಂದನೇ ಪಾಠದಿಂದ ಓದತೊಡಗುವುದು. ಆರು ವರ್ಷದ ಬಿಡುವಿನ ನಂತರ ನಾನೂ ಹಾಗೆಯೇ ಮಾಡಿದೆ. ಮೊದಲ ಹತ್ತು ಪಾಠಗಳು ಗೊತ್ತಿದ್ದದ್ದನ್ನೇ ಹೇಳುತ್ತಿದ್ದುದರಿಂದ ಬೇಸರ ಹುಟ್ಟಿತು, ನಿಜವಾಗಿ ಮರೆತಿದ್ದ ಭಾಗಕ್ಕೆ ಬರುವಷ್ಟರಲ್ಲಿ ಉತ್ಸಾಹ ತೀರಿಹೋಗಿತ್ತು. ಆದ್ದರಿಂದ ಮೊದಲ ಸಲಹೆ ಇದು: ಮೊದಲಿನಿಂದ ಆರಂಭಿಸಬೇಡಿ, ಎಳೆ ಎಲ್ಲಿ ಕಡಿದಿದೆ ಎಂಬುದನ್ನು ಹುಡುಕಿ.

ಮರೆತಂತೆ ಕಾಣುವುದೆಲ್ಲ ಅಳಿದುಹೋಗಿರುವುದಿಲ್ಲ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬಿಟ್ಟು, ಮತ್ತೆ ಕಲಿತು 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರೆವಿನ ವೇಗವನ್ನಷ್ಟೇ ಅಲ್ಲ, ಎರಡನೇ ಸಲ ಕಲಿಯುವಾಗ ಉಳಿಯುವ ಸಮಯವನ್ನೂ ಅಳೆದಿದ್ದಾನೆ. ಆ ಉಳಿತಾಯ ನಿಮಗೂ ದಕ್ಕುತ್ತದೆ, ಆದರೆ ಅದು ಎಲ್ಲಿದೆ ಎಂದು ತಿಳಿದಿರಬೇಕು.

ಅದಕ್ಕಾಗಿ ಮೊದಲ ವಾರ ಹೊಸದೇನನ್ನೂ ಕಲಿಯದೆ ಬರೀ ಪರೀಕ್ಷಿಸಿಕೊಳ್ಳಿ. ಖಾಲಿ ಹಾಳೆಯ ಮೇಲೆ ಜಪಾನಿಯ ಎರಡು ಧ್ವನಿಲಿಪಿಗಳಾದ ಹಿರಗಾನ ಮತ್ತು ಕತಕಾನಗಳ ಮೂಲಾಕ್ಷರಗಳನ್ನು, ಒಂದೊಂದರಲ್ಲಿ 46ರಂತೆ, ನೋಡದೆ ಬರೆಯಿರಿ. ಹಿಂದೆ ಓದಿದ್ದ ಪುಸ್ತಕದ ನಡುವಿನ ಒಂದು ಪುಟವನ್ನು ಗಟ್ಟಿಯಾಗಿ ಓದಿ. ನಿನ್ನೆ ಏನು ಮಾಡಿದಿರಿ ಎಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಇದರಿಂದ ಮೂರು ರಾಶಿಗಳು ಬೇರ್ಪಡುತ್ತವೆ: ತಾನಾಗಿ ಬಂದದ್ದು, ಕಂಡೊಡನೆ ‘ಓ, ಇದು ಗೊತ್ತಿತ್ತು’ ಎನಿಸಿದ್ದು, ಕಂಡೇ ಇಲ್ಲವೆನಿಸಿದ್ದು. ಮೊದಲ ತಿಂಗಳ ಕೆಲಸವೆಲ್ಲ ನಡುವಿನ ರಾಶಿಯ ಮೇಲೆಯೇ ನಡೆಯಬೇಕು, ಏಕೆಂದರೆ ಎಬ್ಬಿಂಗ್‌ಹೌಸ್ ಅಳೆದ ಉಳಿತಾಯ ಇರುವುದು ಅಲ್ಲಿಯೇ.

ಲಿಪಿ ಬೇಗ ಮರಳುತ್ತದೆ. ಕತಕಾನದಲ್ಲಿ ‘ಶಿ’ ಮತ್ತು ‘ತ್ಸು’, ‘ಸೊ’ ಮತ್ತು ‘ನ್’ ಎಂಬ ಜೋಡಿಗಳು ಮಾತ್ರ ಬಹುತೇಕ ಎಲ್ಲರನ್ನೂ ಮತ್ತೆ ಕಾಡುತ್ತವೆ. ಅವುಗಳನ್ನು ಕಣ್ಣಿನಿಂದಲ್ಲ, ಕೈಯಿಂದ ಬಿಡಿಸಿಕೊಳ್ಳಿ: ‘ಶಿ’ ಮತ್ತು ‘ನ್’ ಅಕ್ಷರಗಳ ಉದ್ದ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತೇವೆ, ‘ತ್ಸು’ ಮತ್ತು ‘ಸೊ’ ಅಕ್ಷರಗಳದ್ದನ್ನು ಮೇಲಿನಿಂದ ಕೆಳಕ್ಕೆ. ಅಕ್ಷರಗಳ ಅನುಕ್ರಮ ಮರೆತಿದ್ದರೆ ನಮ್ಮ ವರ್ಣಮಾಲೆಯನ್ನೇ ನೆನೆಯಬಹುದು. ಅ, ಇ, ಉ, ಎ, ಒ ಎಂಬ ಸ್ವರಗಳು, ಬಳಿಕ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು; ಸಂಸ್ಕೃತ ಬರೆಯಲು ಬಳಸುತ್ತಿದ್ದ, ಬೌದ್ಧರು ಜಪಾನಿಗೆ ಒಯ್ದ ಸಿದ್ಧಂ ಲಿಪಿಯ ಅಧ್ಯಯನದ ಪ್ರಭಾವ ಈ ಜೋಡಣೆಯ ಹಿಂದಿದೆ.

ಇನ್ನು ವ್ಯಾಕರಣ. ನಾನು ಹೆಚ್ಚು ಹೇಳಬೇಕೆಂದಿರುವುದು ಇದರ ಬಗ್ಗೆಯೇ. ನಮ್ಮಲ್ಲಿ ಬಹುತೇಕರು ಮೊದಲ ಸಲ ಜಪಾನಿಯನ್ನು ಕಲಿತದ್ದು ಇಂಗ್ಲಿಷ್ ವಿವರಣೆಗಳ ಮೂಲಕ. ಆದ್ದರಿಂದ ಕನ್ನಡಿಗರಿಗೆ ಸಹಜವಾಗಿ ಒಲಿಯಬೇಕಾದ ವಾಕ್ಯರಚನೆಯನ್ನು ಪರಕೀಯವೆಂದು ಭಾವಿಸಿ, ಸೂತ್ರಗಳಾಗಿ ಉರುಹೊಡೆದೆವು, ಬೇಗನೆ ಮರೆತೂ ಬಿಟ್ಟೆವು. ಎರಡನೇ ಸಲ ಕನ್ನಡದ ಮೂಲಕವೇ ಮರಳಿ. ‘ವತಶಿ ಗ ಕಿನೋ ಯೊಂದ ಹೊನ್’ ಎಂಬುದನ್ನು ಪದಕ್ಕೆ ಪದವಿಟ್ಟರೆ ‘ನಾನು ನಿನ್ನೆ ಓದಿದ ಪುಸ್ತಕ’ ಎಂದಾಗುತ್ತದೆ, ಒಂದು ಪದವೂ ಸ್ಥಳ ಬದಲಿಸುವುದಿಲ್ಲ. ‘ಇಕು ತೊ ಇತ್ತ’ ಎಂದರೆ ‘ಹೋಗುತ್ತೇನೆ ಎಂದು ಹೇಳಿದ’. ಅಲ್ಲಿನ ‘ತೊ’ ನಮ್ಮ ‘ಎಂದು’. ನಾಮಪದದ ನಂತರ ಬರುವ ‘ಒ’, ‘ನಿ’, ‘ಕರ’, ‘ಮದೆ’ ಎಂಬ ಕಿರುಪದಗಳು ಬಹಳಷ್ಟು ಕಡೆ ನಮ್ಮ ‘ಅನ್ನು’, ‘ಗೆ’, ‘ಇಂದ’, ‘ವರೆಗೆ’ಗಳು ನಿಲ್ಲುವಲ್ಲಿಯೇ ನಿಲ್ಲುತ್ತವೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ‘ತೆ’ ರೂಪ. ಅದನ್ನು ನಮ್ಮ ‘ಮಾಡಿ’, ‘ತಿಂದು’, ‘ಬರೆದು’ ಎಂಬ ಕೃದಂತಾವ್ಯಯಗಳೆಂದು ಕಂಡುಕೊಂಡರೆ ಅದರ ಹಿಂದೆ ಸಾಲುಗಟ್ಟಿ ನಿಂತಿರುವ ಸಹಾಯಕ್ರಿಯಾಪದಗಳು ತಾವಾಗಿಯೇ ಅರ್ಥವಾಗತೊಡಗುತ್ತವೆ. ‘ಮಿರು’ ಎಂದರೆ ನೋಡು, ‘ತಬೆತೆ ಮಿರು’ ಎಂದರೆ ತಿಂದು ನೋಡುವುದು. ‘ಒಕು’ ಎಂದರೆ ಇಡು, ‘ಕೈತೆ ಒಕು’ ಎಂದರೆ ಬರೆದಿಡುವುದು. ‘ತಬೆತೆ ಶಿಮತ್ತ’ ಎಂಬಲ್ಲಿನ ಮುಗಿದುಹೋದ, ಕೆಲವೊಮ್ಮೆ ಪಶ್ಚಾತ್ತಾಪವೂ ಬೆರೆತ ಧ್ವನಿಯನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಪುಟವನ್ನೇ ವ್ಯಯಿಸುತ್ತವೆ, ಕನ್ನಡದಲ್ಲಿ ಅದು ‘ತಿಂದುಬಿಟ್ಟೆ’ ಎಂಬ ಒಂದೇ ಪದ. ‘ಕೈತೆ’ (ಬರೆದು), ‘ಯೊಂದೆ’ (ಓದಿ), ‘ಮತ್ತೆ’ (ಕಾದು) ಎಂಬ ರೂಪಗಳಲ್ಲಿನ ಧ್ವನಿಬದಲಾವಣೆಗಳನ್ನೂ ಪಟ್ಟಿಯಿಂದ ಕಲಿಯಬೇಕಿಲ್ಲ. ತಿನ್ನು ‘ತಿಂದು’ ಆಗುವುದನ್ನೂ ಬೀಳು ‘ಬಿದ್ದು’ ಆಗುವುದನ್ನೂ ನಾವು ಕಿವಿಯಿಂದಲೇ ಕಲಿತೆವಲ್ಲವೇ? ದಿನಕ್ಕೆ ಹತ್ತು ಕ್ರಿಯಾಪದಗಳನ್ನು ವಾಕ್ಯದೊಳಗಿಟ್ಟು ಬಾಯಿಬಿಟ್ಟು ಹೇಳಿದರೆ ಸಾಕು.

ಕರ್ತೃವನ್ನು ಗುರುತಿಸುವ ‘ಗ’ ಬಳಸಬೇಕಾದಲ್ಲಿ ‘ಒ’ ಹಾಕುವ ತಪ್ಪನ್ನೂ ಹೀಗೆಯೇ ತಿದ್ದಿಕೊಳ್ಳಬಹುದು. ನಾವು ‘ನನಗೆ ಹೂವು ಇಷ್ಟ’ ಎನ್ನುತ್ತೇವೆಯೇ ಹೊರತು ‘ಹೂವನ್ನು ಇಷ್ಟ’ ಎನ್ನುವುದಿಲ್ಲ. ಅಂತೆಯೇ ಜಪಾನಿಯಲ್ಲಿ ‘ಹನ ಗ ಸುಕಿ’. ದೀಪ ತಾನೇ ಆರಿದರೆ ‘ಕಿಯೆರು’, ನಾವು ಆರಿಸಿದರೆ ‘ಕೆಸು’. ಅಂಥ ಜೋಡಿಗಳನ್ನು ‘ಆರು, ಆರಿಸು’ ಎಂಬಂತೆ ಜೋಡಿಯಾಗಿಯೇ ಬರೆದುಕೊಳ್ಳಿ.

ಕನ್ನಡ ಕೈಕೊಡುವ ಜಾಗಗಳೂ ಇವೆ, ಅಲ್ಲಿಯೇ ಹೆಚ್ಚಿನ ಅಭ್ಯಾಸ ಬೇಕು. ‘ಇ’ ಎಂದು ಕೊನೆಗೊಳ್ಳುವ ಜಪಾನಿ ವಿಶೇಷಣಗಳು ಕಾಲಕ್ಕೆ ತಕ್ಕಂತೆ ತಾವೇ ರೂಪ ಬದಲಿಸುತ್ತವೆ; ‘ತಕೈ’ (ದುಬಾರಿ) ಎಂಬುದು ಭೂತಕಾಲದಲ್ಲಿ ‘ತಕಕತ್ತ’ ಆಗಬೇಕು, ‘ತಕೈ ದೆಶಿತ’ ಎಂಬುದು ತಪ್ಪು. ನಾವು ಇದು, ಅದು ಎಂಬ ಎರಡರಲ್ಲಿ ಮುಗಿಸುವುದನ್ನು ಅವರು ‘ಕೊರೆ’ (ನನ್ನ ಬಳಿಯದು), ‘ಸೊರೆ’ (ನಿನ್ನ ಬಳಿಯದು), ‘ಅರೆ’ (ಇಬ್ಬರಿಗೂ ದೂರದ್ದು) ಎಂದು ಮೂರಾಗಿ ಹಂಚುತ್ತಾರೆ. ಕೊಡುವುದಕ್ಕೂ ಅವರಲ್ಲಿ ಎರಡು ಪದ: ನನ್ನ ಕಡೆಗೆ ಬಂದರೆ ‘ಕುರೆರು’, ನನ್ನಿಂದ ಆಚೆ ಹೋದರೆ ‘ಅಗೆರು’. ಮಾತಿನ ವಿಷಯವನ್ನು ಗುರುತಿಸುವ ‘ವ’ ಮತ್ತು ಕರ್ತೃವನ್ನು ಗುರುತಿಸುವ ‘ಗ’ಗಳ ವ್ಯತ್ಯಾಸಕ್ಕೆ ಒಂದೇ ಸೂತ್ರವಿಲ್ಲ, ಆದರೆ ಪ್ರಶ್ನೆಪದ ಕರ್ತೃವಾಗಿದ್ದರೆ ‘ಗ’ ಬರುತ್ತದೆ, ಉತ್ತರದಲ್ಲೂ ಅದೇ ಉಳಿಯುತ್ತದೆ ಎಂಬುದು ನಂಬಬಹುದಾದ ಆರಂಭ.

ಉಚ್ಚಾರದಲ್ಲಿ ನಮಗೆ ದೊಡ್ಡ ಅನುಕೂಲವಿದೆ. ‘ಕೊಕೊ’ ಎಂದರೆ ಇಲ್ಲಿ, ‘ಕೋಕೋ’ ಎಂದರೆ ಹೈಸ್ಕೂಲು. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ ಮತ್ತು ಒತ್ತಕ್ಷರಗಳನ್ನು ಬಲ್ಲ ಕಿವಿಗೆ ಇದು ಕಷ್ಟವಲ್ಲ, ಆದ್ದರಿಂದ ರೋಮನ್ ಲಿಪಿಯ ಟಿಪ್ಪಣಿಗಳನ್ನು ಇನ್ನಾದರೂ ಬದಿಗಿಡಿ.

ಕಾಂಜಿಯ, ಎಂದರೆ ಚೀನೀ ಮೂಲದ ಅಕ್ಷರಗಳ, ವಿಷಯದಲ್ಲಿ ನಿರೀಕ್ಷೆಯನ್ನು ಬದಲಿಸಿಕೊಳ್ಳಬೇಕು. ಬರೆಯುವ ಶಕ್ತಿ ಮೊದಲು ಮಾಯವಾಗುತ್ತದೆ, ಗುರುತಿಸುವ ಶಕ್ತಿ ಬಹುಕಾಲ ಉಳಿಯುತ್ತದೆ; ಆದ್ದರಿಂದ ಮೊದಲ ಎರಡು ತಿಂಗಳು ಓದಿ ಗುರುತಿಸುವುದಷ್ಟೇ ಗುರಿಯಾಗಿರಲಿ. ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲಿ 2010ರ ಪರಿಷ್ಕರಣೆಯ ನಂತರ 2136 ಅಕ್ಷರಗಳಿವೆ, ಅವನ್ನು ಬಿಡಿಬಿಡಿಯಾಗಿ ಎದುರಿಸಿದರೆ ಸೋಲು ಖಚಿತ. ಧ್ವನಿಸೂಚಕ ಭಾಗಗಳನ್ನು ಹಿಡಿಯಿರಿ. ನೀಲಿ ಎಂಬರ್ಥದ, ‘ಸೇ’ ಎಂದು ಓದುವ ಅಕ್ಷರಕ್ಕೆ ನೀರಿನ ಗುರುತು ಸೇರಿದರೆ ಶುದ್ಧ, ಸೂರ್ಯ ಸೇರಿದರೆ ತಿಳಿಯಾದ ಆಕಾಶ, ಮಾತು ಸೇರಿದರೆ ವಿನಂತಿ. ಇವೆಲ್ಲಕ್ಕೂ ಚೀನೀ ಮೂಲದ ಓದು ‘ಸೇ’ ಎಂದೇ. ಒಂದೇ ಅಕ್ಷರಕ್ಕೆ ಹಲವು ಓದುಗಳಿರುವಲ್ಲಿ ಪಟ್ಟಿ ಮಾಡುವುದು ವ್ಯರ್ಥ. ಬದುಕು, ಹುಟ್ಟು, ಹಸಿ ಎಂಬ ಅರ್ಥಗಳ ಅಕ್ಷರವನ್ನು ‘ಸೆನ್ಸೇ’, ‘ಇಕಿರು’, ‘ಉಮರೆರು’, ‘ನಮ’ ಎಂಬ ಪದಗಳೊಳಗೆ ಇಟ್ಟು ನೆನಪಿಡಿ.

ಪದಗಳ ಕಾರ್ಡುಗಳನ್ನು ಅಂತರ ಬಿಟ್ಟು ಮತ್ತೆ ಮತ್ತೆ ತೋರಿಸುವ ಆಂಕಿಯಂಥ ತಂತ್ರಾಂಶವನ್ನು ಬಳಸುತ್ತಿದ್ದವರಿಗೆ ಮರಳಿದ ದಿನವೇ ಸಾವಿರಾರು ಬಾಕಿ ಕಾರ್ಡುಗಳು ಎದುರಾಗುತ್ತವೆ. ಅದನ್ನು ಸಾಲವೆಂದು ತಿಳಿದು ತೀರಿಸಲು ಹೊರಡಬೇಡಿ. ಹಳೆಯ ಕಟ್ಟನ್ನು ಅಮಾನತಿನಲ್ಲಿಟ್ಟು, ಓದುವಾಗ ಎದುರಾದ ಪದಗಳ ಕಾರ್ಡುಗಳನ್ನಷ್ಟೇ ಮರಳಿ ಚಾಲ್ತಿಗೆ ತನ್ನಿ, ದಿನದ ಮಿತಿಯನ್ನು ಮೂವತ್ತರ ಆಸುಪಾಸಿನಲ್ಲಿಡಿ. ಬಹುಕಾಲದ ನಂತರವೂ ನೆನಪಾದ ಪದಕ್ಕೆ ತಂತ್ರಾಂಶ ತುಂಬ ದೀರ್ಘ ಅಂತರ ಕೊಟ್ಟರೆ ಗಾಬರಿ ಬೇಡ, ಅದು ನಿಮ್ಮೊಳಗೆ ಬೇರೂರಿದೆ ಎಂದೇ ಅರ್ಥ.

ಓದಿಗೆ ಜಪಾನಿನಲ್ಲಿ ‘ತದೊಕು’ ಎಂದು ಕರೆಯುವ ಬಹುಓದಿನ ಕ್ರಮ ಮರಳಿದವರಿಗೆ ಹೇಳಿ ಮಾಡಿಸಿದಂತಿದೆ: ತೀರ ಸುಲಭದ ಪುಸ್ತಕದಿಂದ ತೊಡಗುವುದು, ನಿಘಂಟು ನೋಡದಿರುವುದು, ತಿಳಿಯದ್ದನ್ನು ದಾಟಿಹೋಗುವುದು, ಹಿಡಿಸದಿದ್ದರೆ ಪುಸ್ತಕವನ್ನೇ ಬದಲಿಸುವುದು.

ಪರೀಕ್ಷೆ ಬರೆಯುವ ಉದ್ದೇಶವಿದ್ದರೆ, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿ 2010ರಲ್ಲಿ ನಾಲ್ಕು ಹಂತಗಳಿಂದ ಐದಕ್ಕೆ ಬದಲಾಗಿದೆ ಎಂಬುದು ಅದಕ್ಕೂ ಮೊದಲು ಬಿಟ್ಟವರಿಗೆ ತಿಳಿದಿರಲಿ. ಹಳೆಯ ಮೂರನೇ ಹಂತ ಈಗಿನ ಎನ್-4ಕ್ಕೆ ಸಮೀಪ, ಎನ್-3 ನಡುವೆ ಹೊಸದಾಗಿ ಸೇರಿದ್ದು. ಹಳೆಯ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ, ಆದರೆ ಈ ಪರೀಕ್ಷೆಯಲ್ಲಿ ಮಾತನಾಡುವ ಮತ್ತು ಸ್ವತಃ ಬರೆಯುವ ಭಾಗಗಳೇ ಇಲ್ಲದಿರುವುದರಿಂದ ಎಲ್ಲಿಂದ ಆರಂಭಿಸಬೇಕೆಂಬುದನ್ನು ಅದರ ಬದಲು ಆ ಮೊದಲ ವಾರದ ಹಾಳೆಗಳೇ ನಿರ್ಧರಿಸಲಿ.

ನಡುವಿನ ರಾಶಿ ಕರಗಿದ ಮೇಲೆ, ಹಿಂದೆ ನಿಲ್ಲಿಸಿದ್ದ ಪಾಠಕ್ಕಿಂತ ಮೂರು ಪಾಠ ಹಿಂದೆ ಸರಿದು ಹೊಸ ಕಲಿಕೆಯನ್ನು ಆರಂಭಿಸಿ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅದರಲ್ಲಿ ಹತ್ತು ನಿಮಿಷ ಆಲಿಸುವುದಕ್ಕೆ ಮೀಸಲಿರಲಿ. ಮುಂದೆ ಮತ್ತೊಂದು ಬಿಡುವು ಬರುವ ಸೂಚನೆ ಕಂಡರೆ ಮೊದಲು ಹೊಸ ಕಾರ್ಡುಗಳನ್ನು ನಿಲ್ಲಿಸಿ, ಆ ಹತ್ತು ನಿಮಿಷದ ಆಲಿಸುವಿಕೆಯನ್ನು ಮಾತ್ರ ಬಿಡದೆ, ಯಾವ ಪುಟದಲ್ಲಿ ನಿಂತಿರಿ, ಅಲ್ಲಿ ಯಾವುದು ಅರ್ಥವಾಗಿರಲಿಲ್ಲ ಎಂಬುದನ್ನು ಪುಸ್ತಕದ ಅಂಚಿನಲ್ಲಿ ದಿನಾಂಕದೊಂದಿಗೆ ಬರೆದಿಡಿ.