ತಲೆ ಸರಿಸಿ, ರಾಡಿಗೆ ದಾರಿ ಬಿಡಿ

ಬೇಸಿಗೆಯಲ್ಲಿ ಬಳ್ಳಾರಿಯ ಜಿಮ್ಮಿಗೆ ಹೋಗುವುದಾದರೆ ಬೆಳಿಗ್ಗೆ ಐದೂವರೆಗೇ ಹೋಗಬೇಕು. ಎಂಟಾಯಿತೆಂದರೆ ತಗಡಿನ ಛಾವಣಿ ಕಾದ ಹೆಂಚು. ಆ ಹೊತ್ತಿಗೆ ಬರುವ ಹುಡುಗರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಶೋಲ್ಡರ್ ಡೇ ಬಂದರೆ ಸಾಕು, ರಾಡಿಗೆ ಆ ಕಡೆ ಹತ್ತು, ಈ ಕಡೆ ಹತ್ತು ಕೆಜಿ ಹಾಕಿ ತಲೆ ಮೇಲೆ ಎತ್ತುತ್ತಾರೆ. ಮೊದಲ ಎರಡು ಸಲ ಪರವಾಗಿಲ್ಲ. ಮೂರನೆಯದಕ್ಕೆ ನಡು ಬಿಲ್ಲಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಮುಖ ಫ್ಯಾನ್ ನೋಡುತ್ತಿರುತ್ತದೆ. ತಿಂಗಳು ಬಿಟ್ಟು ಬಂದು, 'ಅಣ್ಣಾ, ನಡ ಹಿಡ್ಕಂಡೈತಿ' ಅಂತಾರೆ. ಮಾಡಿದ್ದು ಭುಜಕ್ಕೆ, ನೋವು ನಡುವಿಗೆ!

ಈ ಕಳ್ಳಾಟ ಹೊಸದೇನಲ್ಲ. ಭುಜದಿಂದ ತಲೆ ಮೇಲಕ್ಕೆ ಭಾರ ತಳ್ಳುವ ಈ ವ್ಯಾಯಾಮಕ್ಕೆ ಪ್ರೆಸ್ ಅಂತ ಹೆಸರು. ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಿ ಮೊದಲು ಅದೂ ಇತ್ತು. ಸ್ಪರ್ಧಿಗಳು ಹಿಂದಕ್ಕೆ ಬಾಗಿ ಬಾಗಿ, ಯಾವುದು ಸರಿ ಯಾವುದು ತಪ್ಪು ಅಂತ ಹೇಳುವುದು ತೀರ್ಪುಗಾರರಿಗೇ ಕಷ್ಟವಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ ಅನ್ನು ಕೈಬಿಟ್ಟರು.

ಮೊದಲು ಯಾವ ಪ್ರೆಸ್ ಅನ್ನುವುದು ತೀರ್ಮಾನವಾಗಲಿ. ನನ್ನ ಮತ ನಿಂತು ಮಾಡುವ ರಾಡ್ ಪ್ರೆಸ್‌ಗೆ. ಭುಜ, ಹಿಂಬದಿ ತೋಳು, ಹೊಟ್ಟೆ, ಕಾಲು ಎಲ್ಲವೂ ದುಡಿಯುತ್ತವೆ. ಕೂತು ಮಾಡುವ ಡಂಬೆಲ್ ಪ್ರೆಸ್‌ಗೆ ಎರಡನೇ ಸ್ಥಾನ. ಎಡಗೈ ಸೋಮಾರಿಯಾಗಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ, ಬಲಗೈ ಅದರ ಪಾಲನ್ನು ಹೊರುವ ಹಾಗಿಲ್ಲ. ಬೆಂಚಿನ ಒರಗು ನೆಟ್ಟಗೆ ಬೇಡ, ಒಂದು ಹಲ್ಲು ಹಿಂದಕ್ಕೆ ಇಳಿಸಿ. ಮೊಣಕೈಗಳನ್ನು ಪೂರ್ತಿ ಪಕ್ಕಕ್ಕೆ ಚಾಚದೆ ಸ್ವಲ್ಪ ಮುಂದಕ್ಕೆ ತನ್ನಿ, ಭುಜದ ಕೀಲಿಗೆ ಅದೇ ಹಿತ. ಅಂಗೈ ತಿರುಗಿಸುತ್ತಾ ಎತ್ತುವ ಅರ್ನಾಲ್ಡ್ ಪ್ರೆಸ್ ಕಣ್ಣಿಗೆ ಚೆಂದ. ಹಗುರ ತೂಕದಲ್ಲಿ ಮಾಡಿಕೊಳ್ಳಿ, ಶಕ್ತಿಗೆ ಅಂತ ಅದನ್ನು ನೆಚ್ಚಬೇಡಿ.

ಪುಶ್ ಪ್ರೆಸ್ ಬೇರೆಯೇ ಕಥೆ. ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಚೀಲ ಹೆಗಲಿಗೆ ಏರಿಸುವುದನ್ನು ನೋಡಿದ್ದೀರಲ್ಲ? ಬರೀ ಕೈಯಿಂದ ಯಾರೂ ಎತ್ತುವುದಿಲ್ಲ. ಮೊಣಕಾಲು ಸ್ವಲ್ಪ ಮಡಚಿ ಒಂದು ಜೋರು ಕೊಡುತ್ತಾರೆ, ಚೀಲ ತಾನೇ ಮೇಲೆ ಬರುತ್ತದೆ. ಪುಶ್ ಪ್ರೆಸ್ ಅಂದರೂ ಅಷ್ಟೇ. ಕಾಲಿನ ಬಲ ಸಿಗುವುದರಿಂದ ಜಾಸ್ತಿ ತೂಕ ಏರುತ್ತದೆ. ಆದರೆ ಸಾದಾ ಪ್ರೆಸ್ ಕಲಿಯದೆ ಇದಕ್ಕೆ ಕೈಹಾಕಬೇಡಿ. ಸ್ಮಿತ್ ಮಷೀನ್‌ನಲ್ಲಿ ರಾಡ್ ಹಳಿ ಮೇಲೆ ಹೋಗುವುದರಿಂದ ಅದನ್ನು ತೂಗಿಸಿಕೊಂಡು ಹೋಗುವುದನ್ನು ದೇಹ ಕಲಿಯುವುದೇ ಇಲ್ಲ.

ಕತ್ತಿನ ಹಿಂದೆ ಇಳಿಸುವ ಪ್ರೆಸ್ ಬೇಡವೇ ಬೇಡ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಬ್ಬ ಟ್ರೈನರ್ ಹೇಳಿದ ಅಂತ ಮಾಡಿ, ಮೂರು ತಿಂಗಳು ಅಂಗಿಯ ತೋಳಿಗೆ ಕೈ ತೂರಿಸಲು ಒದ್ದಾಡಿದ್ದೇನೆ. ಕೀಲು ತಿರುಗುವ ಕೊನೆಯ ಅಂಚಿನಲ್ಲಿ ಭಾರ ಹಾಕುವ ವ್ಯಾಯಾಮ ಅದು. ಕೈ ಎತ್ತಿದರೇ ಚುಚ್ಚುವ ನೋವಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಆಮೇಲೆ ರಾಡಿನ ಒಂದು ತುದಿಯನ್ನು ಹಳೇ ಬಟ್ಟೆ ಸುತ್ತಿ ಗೋಡೆಯ ಮೂಲೆಗೆ ಊರಿ, ಇನ್ನೊಂದು ತುದಿಯನ್ನು ಓರೆಯಾಗಿ ಮೇಲಕ್ಕೆ ತಳ್ಳುವ ಲ್ಯಾಂಡ್‌ಮೈನ್ ಪ್ರೆಸ್‌ನಿಂದ ಶುರು ಮಾಡಬಹುದು.

ಈಗ ರಾಡ್ ಪ್ರೆಸ್‌ಗೆ ಬರೋಣ. ಹಂತ ಒಂದು, ರಾಡನ್ನು ತೂಕಕ್ಕೆ ಹಾಕಿ. ಒಲಿಂಪಿಕ್ ರಾಡ್ ಗಂಡಸರದು 20 ಕೆಜಿ, ಹೆಂಗಸರದು 15. ನಮ್ಮ ಜಿಮ್ಮಿನ ಲೋಕಲ್ ರಾಡ್ 20 ಅಂತಲೇ ಎಲ್ಲರೂ ನಂಬಿದ್ದೆವು. ತಕ್ಕಡಿಗೆ ಹಾಕಿದರೆ ಬರೀ 11! ರಾಡಿಗೆ ಸುತ್ತುವ ಸ್ಪಂಜನ್ನು ಕಿತ್ತು ಎಸೆಯಿರಿ. ಹಿಡಿ ದಪ್ಪವಾಗಿ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಬೆವರಿಗೆ ಅಂತ ಕೈಗೆ ಟಾಲ್ಕಂ ಪೌಡರ್ ಹಚ್ಚುವವರೂ ಇದ್ದಾರೆ, ಅದು ಇನ್ನಷ್ಟು ಜಾರುತ್ತದೆ. ಜಿಮ್ ಚಾಕ್ ಇಲ್ಲದಿದ್ದರೆ ಒಣ ಟವೆಲ್ಲೇ ವಾಸಿ.

ಹಂತ ಎರಡು, ಎದೆಯ ಎತ್ತರದ ಸ್ಟ್ಯಾಂಡಿನಿಂದ ರಾಡ್ ತೆಗೆದುಕೊಂಡು ಎರಡು ಹೆಜ್ಜೆ ಹಿಂದೆ ಬನ್ನಿ.

ಹಂತ ಮೂರು. ಎಲ್ಲರೂ ಕೆಡುವುದು ಇಲ್ಲೇ, ನಿಧಾನವಾಗಿ ಓದಿ. ಹಿಡಿತ ಭುಜಕ್ಕಿಂತ ಒಂಚೂರು ಅಗಲ. ರಾಡ್ ಬೆರಳುಗಳ ಮೇಲಲ್ಲ, ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಮೂಳೆಯ ನೇರಕ್ಕೆ ಕೂರಬೇಕು. ಮೊಣಕೈ ರಾಡಿಗಿಂತ ಕೂದಲೆಳೆಯಷ್ಟು ಮುಂದಿರಲಿ. ಪಿರ್ರೆ ಬಿಗಿ ಹಿಡಿಯಿರಿ. ಅದು ಬಿಗಿಯಾಗಿದ್ದರೆ ನಡು ಬಿಲ್ಲಾಗುವುದು ಕಷ್ಟ. ಪಕ್ಕೆಲುಬು ಕೆಳಗಿಳಿಸಿ ಉಸಿರು ತುಂಬಿಕೊಳ್ಳಿ. ಬಿಪಿ ಇರುವವರು ಮಾತ್ರ ಉಸಿರು ಕಟ್ಟಬಾರದು, ಎತ್ತುತ್ತಾ ಉಸಿರು ಬಿಡುತ್ತಾ ಹೋಗಬೇಕು.

ಈಗ ರಾಡ್ ಏಳಬೇಕು. ಆದರೆ ದಾರಿಯಲ್ಲಿ ನಿಮ್ಮ ಗದ್ದ ಇದೆ! ರಾಡ್ ಮುಖ ಸುತ್ತಿಕೊಂಡು ಹೋದರೆ ಭಾರ ಮುಂದಕ್ಕೆ ಹೋಗುತ್ತದೆ, ಅದನ್ನು ತಡೆಯಲು ನಡು ಹಿಂದಕ್ಕೆ ಬಾಗುತ್ತದೆ. ನೋವಿನ ಮೂಲ ಇದೇ. ರಾಡ್ ನೆಟ್ಟಗೆ ಹೋಗಲಿ, ಸರಿಯಬೇಕಾದದ್ದು ತಲೆ. ರಶ್ ಬಸ್ಸಿನಲ್ಲಿ ಮುಂದಿನವನ ಬ್ಯಾಗು ಮುಖಕ್ಕೆ ಬಂದಾಗ ಗದ್ದ ಹಿಂದಕ್ಕೆಳೆದುಕೊಳ್ಳುತ್ತೇವಲ್ಲ, ಅಷ್ಟೇ ಸಾಕು. ಎದೆ ಹಿಂದೆ ಹೋಗಬಾರದು. ರಾಡ್ ಮೂಗಿಗೆ ತಾಗಿಯೂ ತಾಗದ ಹಾಗೆ ಹೋಗಬೇಕು. ಹಣೆ ದಾಟಿದ ಕೂಡಲೇ ಕಿಟಕಿಯಿಂದ ಇಣುಕಿದಂತೆ ತಲೆಯನ್ನು ತೋಳುಗಳ ನಡುವೆ ಮುಂದಕ್ಕೆ ತನ್ನಿ. ಕೊನೆಗೆ ರಾಡ್ ಪಾದದ ನಡುಮಧ್ಯದ ನೇರಕ್ಕಿರಬೇಕು, ತೋಳು ಕಿವಿಯ ಪಕ್ಕ ಇರಬೇಕು. ಅಲ್ಲಿ ಭುಜವನ್ನೂ ಕಿವಿ ಕಡೆಗೆ ಸ್ವಲ್ಪ ಏರಿಸಿ.

ಕಲಿಯಲು ಪೊರಕೆ ಕಡ್ಡಿ ಸಾಕು. ಮೊಣಕೈ ತಾಗದಷ್ಟು ಹತ್ತಿರಕ್ಕೆ ಗೋಡೆಗೆ ಮುಖ ಮಾಡಿ ನಿಂತು ಎತ್ತಿ. ಕಡ್ಡಿ ಗೋಡೆಗೆ ಟಕ್ ಅಂದರೆ ಮುಖ ಸುತ್ತಿ ಹೋಗುತ್ತಿದ್ದೀರಿ ಅಂತ ಅರ್ಥ. ವಿಡಿಯೊ ಮಾಡಿಸಿಕೊಳ್ಳುವುದಾದರೆ ಪಕ್ಕದಿಂದ. ಮುಂದಿನಿಂದ ತೆಗೆದದ್ದು ಸ್ಟೇಟಸ್‌ಗೆ ಮಾತ್ರ ಬರುತ್ತದೆ.

ಹಂತ ನಾಲ್ಕು, ಬಂದ ದಾರಿಯಲ್ಲೇ ಇಳಿಸಿ. ಒಂದೇ ಸಮ ಐದರಿಂದ ಎಂಟು ಸಲ (ರೆಪ್) ಎತ್ತಿದರೆ ಒಂದು ಸೆಟ್. ಅಂಥ ಮೂರು ಸೆಟ್, ವಾರಕ್ಕೆರಡು ದಿನ. ಭುಜದ ಹಿಂಭಾಗಕ್ಕೆ ಪ್ರೆಸ್‌ನಿಂದ ಹೆಚ್ಚೇನೂ ಸಿಗುವುದಿಲ್ಲ, ಅದಕ್ಕೆ ಭಾರವನ್ನು ಮೈ ಕಡೆಗೆ ಎಳೆದುಕೊಳ್ಳುವ ರೋಯಿಂಗ್ ಬೇಕು.

ತೂಕ ಏರಿಸುವಾಗ ಆಸೆ ಬೇಡ. ಪ್ರೆಸ್ ಬೇಗ ಬೆಳೆಯುವುದಿಲ್ಲ, ಸಣ್ಣ ಸ್ನಾಯುಗಳ ಕೆಲಸ ಅದು. ಒಂದೊಂದು ಬದಿಗೆ 1.25 ಕೆಜಿಯೇ ಒಮ್ಮೊಮ್ಮೆ ಜಾಸ್ತಿ. ಎಷ್ಟೋ ಜಿಮ್ಮುಗಳಲ್ಲಿ ಅದೂ ಇರುವುದಿಲ್ಲ. ಕಬ್ಬಿಣದ ಊರಲ್ಲಿ ಇದ್ದುಕೊಂಡು ಚಿಂತೆ ಯಾಕೆ? ಲೇತ್ ಅಂಗಡಿಗೆ ಹೋಗಿ ಅರ್ಧ ಅರ್ಧ ಕೆಜಿಯ ಎರಡು ಬಿಲ್ಲೆ ಮಾಡಿಸಿ. ರಾಡಿನ ದಪ್ಪ ಅಳೆದುಕೊಂಡು ಹೋಗಿ, ತೂತು ಅದಕ್ಕಿಂತ ಒಂದೆರಡು ಮಿಲಿಮೀಟರ್ ಜಾಸ್ತಿ ಇರಲಿ ಅಂತ ಹೇಳಿ. ನಾನು ಅಳತೆ ಕೊಡದೆ ಮಾಡಿಸಿದ ಮೊದಲ ಜೋಡಿ ಈಗ ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲಿದೆ.